ನಾಲ್ಕನೆಯ ಸಾಲು

ವಿಚಾರಣೆಯ ವರದಿ ಹತ್ತೊಂಬತ್ತು ಪುಟ ಇದೆ. ಅದರಲ್ಲಿ ನನ್ನ ಹೆಸರು ಎಲ್ಲಿಯೂ ಇಲ್ಲ. ‘ನಮೂನೆಯಲ್ಲಿ ನುಸುಳಿದ ತಾಂತ್ರಿಕ ದೋಷ’ ಎಂದು ಬರೆದು ಮುಗಿಸಿದ್ದಾರೆ. ದೋಷ ತಾನಾಗಿ ನುಸುಳುವುದಕ್ಕೆ ಅದೇನು ಇಲಿಯೇ? ಯಾರೋ ಒಬ್ಬರು ಕುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತ, ತಮ್ಮ ಜಾಣತನಕ್ಕೆ ತಾವೇ ತಲೆದೂಗುತ್ತ ಅದನ್ನು ಬರೆದಿರುತ್ತಾರೆ. ಹಾಗೆ ಬರೆದವಳು ನಾನು, ನೀಲಗಂಗಾ. ವಿಜಯಪುರದ ತಂಪು ಕೇಂದ್ರದಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇಷ್ಟು ಬರೆಯುವಷ್ಟರಲ್ಲೇ ಮುಖ ಬಿಸಿಯಾಗಿದೆ. ಆಗಲಿ, ನನಗೆ ಅದು ಬೇಕಾದದ್ದೇ.

ನಾನು ಹೇಳುತ್ತಿರುವುದು ಎರಡು ಸಾವಿರದ ಅರವತ್ತೊಂದರ ಬೇಸಿಗೆಯ ಮಾತು. ಆಗ ನಲವತ್ತೆಂಟು ಡಿಗ್ರಿ ಆಗಿದೆ ಎಂದು ಸುದ್ದಿಯಲ್ಲಿ ಹೇಳುವುದನ್ನೂ ಬಿಟ್ಟಿದ್ದರು. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಊರು ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿತ್ತು. ಮನೆಗೊಂದು ತಂಪು ಯಂತ್ರ ಹಾಕಿದರೆ ಅದು ಹೊರಗೆ ಉಗುಳುವ ಬಿಸಿಯಲ್ಲಿ ಬೀದಿ ಇನ್ನಷ್ಟು ಬೇಯುತ್ತದೆ. ಅದಕ್ಕೇ ನಗರಕ್ಕೆಲ್ಲ ಒಂದೇ ಕೇಂದ್ರ ಕಟ್ಟಿದರು. ರಾತ್ರಿ ನೆಲದಡಿಯ ದೊಡ್ಡ ತೊಟ್ಟಿಗಳಲ್ಲಿ ಮಂಜುಗಡ್ಡೆ ಕಟ್ಟಿಸುವುದು, ಹಗಲು ಅದರ ತಣ್ಣೀರನ್ನು ಕೊಳವೆಗಳಲ್ಲಿ ಮನೆಮನೆಯ ಗೋಡೆಯೊಳಗೆ ಹರಿಸುವುದು. ಒಂದೊಂದು ಕೋಣೆಗೆ ಒಂದೊಂದು ವಾಲ್ವ್.

ತೊಡಕಿದ್ದದ್ದು ಒಂದೇ. ಹಗಲು ಎಲ್ಲ ಕೋಣೆಗೂ ಸಾಲುವಷ್ಟು ತಂಪು ಇರಲಿಲ್ಲ. ಜನ ಇರುವ ಕೋಣೆಗೆ ಮಾತ್ರ ಬಿಡಬೇಕು, ಖಾಲಿ ಕೋಣೆಯ ವಾಲ್ವ್ ಮುಚ್ಚಬೇಕು. ಯಾರು ಎಲ್ಲಿದ್ದಾರೆಂದು ತಿಳಿಯುವುದು ಹೇಗೆ? ಮನೆಯೊಳಗೆ ಕ್ಯಾಮೆರಾ ಇಡುತ್ತೇವೆಂದಾಗ ಜನ ಗಲಾಟೆ ಮಾಡಿದರು, ಸರಿಯಾಗಿಯೇ ಮಾಡಿದರು. ಕೊನೆಗೆ ಉಳಿದದ್ದು ಹಳೆಯ ಉಪಾಯ: ಅವರನ್ನೇ ಕೇಳುವುದು.

ಕೋಣೆಗೊಂದರಂತೆ ಗೋಡೆಗೆ ಗೇಣುದ್ದದ ಗಾಜಿನ ಪರದೆ ಹಾಕಿದೆವು. ಜನ ಅದನ್ನು ಹಲಗೆ ಎಂದು ಕರೆದರು. ದಿನಾ ಬೆಳಿಗ್ಗೆ ಆರಕ್ಕೆ ಹಲಗೆಯ ಮೇಲೆ ಒಂದು ನಮೂನೆ ತೆರೆದುಕೊಳ್ಳುತ್ತಿತ್ತು. ಮನೆಯಲ್ಲಿ ಎಷ್ಟು ಜನರೋ ಅಷ್ಟು ಸಾಲು. ಒಂದು ಸಾಲಿನಲ್ಲಿ ಒಬ್ಬರ ಹೆಸರು, ಅವರು ಹಗಲು ಇರುವ ಕೋಣೆ, ಕೊನೆಗೆ ಒಂದು ದುಂಡನೆಯ ಕೆಂಪು ಬಟನ್. ಬಟನ್ನಿನ ಮೇಲೆ ‘ತಡೆಯಲಾಗುತ್ತಿಲ್ಲ’ ಎಂದು ಬರೆದಿತ್ತು. ಒತ್ತಿದರೆ ಆ ಕೋಣೆಯ ವಾಲ್ವ್ ಪೂರಾ ತೆರೆಯಬೇಕು. ತಾಸಿನಲ್ಲಿ ಮೂರು ಸಲ ಒತ್ತಿದರೆ ನರ್ಸ್ ಗಾಡಿ ಬರಬೇಕು. ಮನೆಗೆ ಯಾರಾದರೂ ಬಂದಿದ್ದರೆ ಕೆಳಗೆ ‘ಇನ್ನೊಬ್ಬರಿದ್ದಾರೆ’ ಎಂಬ ಬಟನ್. ಅದನ್ನು ಒತ್ತಿದರೆ ಹೊಸ ಸಾಲೊಂದು ಮೂಡುತ್ತದೆ, ಬಂದವರ ಹೆಸರು ಹಾಕಬಹುದು. ಮರುದಿನ ಬೆಳಿಗ್ಗೆ ಆ ಸಾಲು ಅಳಿಸಿಹೋಗುತ್ತದೆ, ಬೇಕಾದರೆ ಮತ್ತೆ ಸೇರಿಸಬೇಕು.

ಇದನ್ನೆಲ್ಲ ಬರೆದವಳು ನಾನು. ನಮ್ಮ ವೃತ್ತಿಯಲ್ಲಿ ಬಟನ್ ಬರೆದರೆ ಸಾಲದು, ಅದಕ್ಕೊಂದು ಕಿವಿ ಕಟ್ಟಬೇಕು. ಕಿವಿ ಎಂದರೆ ‘ಇದನ್ನು ಯಾರಾದರೂ ಒತ್ತಿದರೆ ಕೇಂದ್ರಕ್ಕೆ ಹೇಳು’ ಎನ್ನುವ ಒಂದು ಆಜ್ಞೆ. ಕಿವಿಯಿಲ್ಲದ ಬಟನ್ ನೋಡುವುದಕ್ಕೆ ಬಟನ್ನಿನ ಹಾಗೇ ಇರುತ್ತದೆ. ಒತ್ತಿದರೆ ಒಳಗೆ ಹೋದಂತೆ ಕಾಣುತ್ತದೆ, ಬಣ್ಣವೂ ಬದಲಾಗುತ್ತದೆ. ಆದರೆ ಆ ಸುದ್ದಿ ಎಲ್ಲಿಗೂ ಹೋಗುವುದಿಲ್ಲ.

ಅತಿಥಿಗಳಿಂದ ದೂರೇ ಬರುವುದಿಲ್ಲ ಎಂದು ಮೊದಲು ಗಮನಿಸಿದವಳೂ ನಾನೇ. ಏಪ್ರಿಲ್ ಮುಗಿಯುವ ಹೊತ್ತಿಗೆ ನಗರದಲ್ಲಿ ದಿನಕ್ಕೆ ಹನ್ನೊಂದು ಸಾವಿರ ಅತಿಥಿ ಸಾಲುಗಳು ಸೇರುತ್ತಿದ್ದವು. ಮನೆಯವರ ಸಾಲುಗಳಿಂದ ಕೆಂಪು ಬಟನ್ ಒತ್ತಿದ ಸುದ್ದಿ ಸಾವಿರಗಟ್ಟಲೆ ಬರುತ್ತಿತ್ತು. ಅತಿಥಿಗಳ ಸಾಲಿನಿಂದ ಸೊನ್ನೆ. ಕಡಿಮೆಯಲ್ಲ, ಸೊನ್ನೆ. ತಲೆ ನೆಟ್ಟಗಿದ್ದವರು ಸೊನ್ನೆ ನೋಡಿದರೆ ಮೊದಲು ತಂತಿ ಕಡಿದಿದೆಯೇ ಎಂದು ನೋಡುತ್ತಾರೆ. ನಾನು ಸಮಾಜಶಾಸ್ತ್ರ ಮಾಡಿದೆ.

“ಇದು ನಮ್ಮ ಮಂದಿ ಸಂಕೋಚ ನೋಡ್ರಿ,” ಎಂದೆ ಸಭೆಯಲ್ಲಿ, ಪರದೆಯ ಮೇಲಿನ ಸೊನ್ನೆಗೆ ಕೋಲು ಚುಚ್ಚಿ. “ಬೀಗರ ಮನಿಯಾಗ ಕುಂತು ಇನ್ನಷ್ಟು ತಂಪು ಬೇಕು ಅಂತ ಯಾರ ಕೇಳ್ತಾರ್ರಿ? ಎರಡನೇ ರೊಟ್ಟಿ ಬ್ಯಾಡ ಅನ್ನೋ ಮಂದಿ ನಾವು.”

ಎಲ್ಲರೂ ನಕ್ಕರು. ಕೇಂದ್ರದ ಮುಖ್ಯಸ್ಥರಾದ ಬಿರಾದಾರ ಸಾಹೇಬರು ಮೇಜು ತಟ್ಟಿ, “ಭಾಳ ಛಲೋ ಹೇಳಿದ್ರಿ ಮೇಡಂ, ಇದನ್ನ ರಾಜ್ಯದ ಸಭಾದಾಗ ಹೇಳೂಣು,” ಎಂದರು. ಅತಿಥಿಗಳು ಯಾವ ಕೋಣೆಯನ್ನೂ ಆರಿಸುತ್ತಿರಲಿಲ್ಲ ಎಂಬುದೂ ನಮಗೆ ಕಂಡಿತ್ತು. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು: ಬಂದವರು ಒಬ್ಬರೇ ಕೂರುವುದಿಲ್ಲ, ಮನೆಯವರ ಜೊತೆಗೇ ಕೂರುತ್ತಾರೆ. ಪಿಸುಮಾತಾಡಿದರೂ ಆಚೆ ಗೋಡೆಗೆ ಕೇಳಿಸುವ ಗುಮ್ಮಟ ಇರುವ ಊರಿನಲ್ಲಿ ಕೂತು ಈ ಮಾತು ಹೇಳಿದೆ.

ನಮ್ಮ ಮನೆಯ ನಮೂನೆಯಲ್ಲಿ ಮೂರು ಸಾಲು. ನಾನು, ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಗಂಡ ಚಿದಾನಂದ, ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಮಗಳು ಇಂಚರಾ. ಏಪ್ರಿಲ್ ಹತ್ತರಂದು ನಾಲ್ಕನೆಯ ಸಾಲು ಸೇರಿತು. ಇಂಡಿಯಿಂದ ಚಿಗವ್ವ ಬಂದಳು.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ, ಗುರುಬಾಯಿ. ಹೈಸ್ಕೂಲಿನ ಐದು ವರ್ಷ ನಾನು ಇಂಡಿಯಲ್ಲಿ ಅವಳ ಮನೆಯಲ್ಲಿದ್ದು ಓದಿದೆ. ಹೋದ ಹೊಸದರಲ್ಲಿ ನಾಚಿಕೆಗೆ ಒಂದೇ ರೊಟ್ಟಿ ತಿಂದು ಸಾಕೆಂದು ಏಳುತ್ತಿದ್ದೆ. ಚಿಗವ್ವ ಏನೂ ಕೇಳುತ್ತಿರಲಿಲ್ಲ. ಆಮೇಲೆ ನಾನು ಎರಡು ಸಲ ನೀರಿನ ಕೊಡದ ಮುಚ್ಚಳ ತೆಗೆದದ್ದು ಅಡುಗೆಮನೆಯಿಂದಲೇ ಕೇಳಿಸಿ, ಹಸಿವಿಗೆ ನೀರು ಕುಡಿಯುತ್ತಿದ್ದಾಳೆಂದು ತಿಳಿದು, ರೊಟ್ಟಿಗೆ ಬೆಣ್ಣೆ ಹಚ್ಚಿ, ಸುರುಳಿ ಸುತ್ತಿ, ಓದುತ್ತಿದ್ದ ನನ್ನ ಕೈಗೆ ಇಟ್ಟು ಹೋಗುತ್ತಿದ್ದಳು. ಮುಖ ಕೂಡ ನೋಡುತ್ತಿರಲಿಲ್ಲ, ನನಗೆ ನಾಚಿಕೆಯಾದೀತೆಂದು.

ಅಂಥವಳನ್ನು ನಾನೇ ಬಲವಂತ ಮಾಡಿ ಕರೆತಂದೆ. ಇಂಡಿಗೆ ತಂಪಿನ ಕೊಳವೆ ಇನ್ನೂ ಬಂದಿರಲಿಲ್ಲ. “ಬ್ಯಾಸಗಿ ಮುಗಿಯೂ ತನಕ ನಮ್ಮಲ್ಲಿರು ಚಿಗವ್ವ. ಊರ ತುಂಬ ತಂಪು ಹಂಚಾಕಿ ನಾನು, ನಿನಗ ಕಡಿಮಿ ಆಗ್ತೈತೇನು?” ಎಂದೆ. ಹಿಂದಿನ ಕೋಣೆ ಅವಳಿಗೆ ಕೊಟ್ಟೆ. ಅದಕ್ಕೆ ಪಶ್ಚಿಮದ ಗೋಡೆ, ಮಧ್ಯಾಹ್ನದ ಬಿಸಿಲು ನೇರ ಅದಕ್ಕೇ ಬಡಿಯುತ್ತದೆ. ಹಲಗೆ ಇದೆಯಲ್ಲ, ಚಿಂತೆಯೇನು ಎಂದುಕೊಂಡೆ.

ದಿನಾ ಬೆಳಿಗ್ಗೆ ನಾನೇ ‘ಇನ್ನೊಬ್ಬರಿದ್ದಾರೆ’ ಒತ್ತಿ, ಚಿಗವ್ವನ ಹೆಸರು ಹಾಕಿ, ಹಿಂದಿನ ಕೋಣೆ ಆರಿಸಿ ಕೇಂದ್ರಕ್ಕೆ ಹೋಗುತ್ತಿದ್ದೆ. ಅತಿಥಿಗಳು ಕೋಣೆ ಆರಿಸುವುದಿಲ್ಲ ಎಂದು ಸಭೆಯಲ್ಲಿ ಹೇಳುವಾಗ ಇದು ನನ್ನ ನೆನಪಿಗೂ ಬರಲಿಲ್ಲ. ತಿರುಗಿ ಬರುವುದು ಸಂಜೆ ಏಳಕ್ಕೆ. ಹೊತ್ತು ಮುಳುಗಿದ ಮೇಲೆ ಎಲ್ಲ ಕೋಣೆಗೂ ತಂಪು ತಾನಾಗಿ ಬರುತ್ತಿತ್ತು. ಹಾಗಾಗಿ ನಾನು ನೋಡುವಾಗೆಲ್ಲ ಹಿಂದಿನ ಕೋಣೆ ಹಿತವಾಗಿಯೇ ಇರುತ್ತಿತ್ತು. ಭಾನುವಾರ ಅವಳು ಶೇಂಗಾ ಬುಟ್ಟಿ ಹಿಡಿದು ಹಾಲ್‌ಗೆ ಬಂದು ಮೂಲೆಯಲ್ಲಿ ಕೂತು ಬಿಡಿಸುತ್ತಿದ್ದಳು. ನಾನು ಫೋನಿನಲ್ಲಿ ಆಫೀಸಿನ ಮಾತು ಶುರು ಮಾಡಿದರೆ ಎದ್ದು, “ನಿನ್ನ ಕೆಲಸ ನಡೀಲಿ,” ಎಂದು ಒಳಗೆ ಹೋಗುತ್ತಿದ್ದಳು. ಚಿಗವ್ವನಿಗೆ ಒಬ್ಬಳೇ ಇರುವುದು ಇಷ್ಟ ಎಂದು ಚಿದಾನಂದನಿಗೆ ಹೇಳಿದ್ದೂ ಉಂಟು.

ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಸಂಜೆ ಊಟಕ್ಕೆ ಕೂತಾಗ ಅವಳು ಮೆಲ್ಲಗೆ ಹೇಳಿದಳು.

“ನೀಲಾ, ಆ ಕೆಂಪು ಬಟನ್ ಐತೆಲ್ಲ, ಅದನ್ನ ಒತ್ತಿದ್ರ ಏನೂ ಆಗವಲ್ದವಾ.”

ಇಂಚರಾ ನಕ್ಕಳು. ನಾನೂ ನಕ್ಕೆ. “ಚಿಗವ್ವ, ಅದನ್ನ ಬರದಾಕಿ ನಾನ! ಇಡೀ ಊರಾಗ ಆಗಿದ್ದು ನಿನ್ನ ಕೋಣ್ಯಾಗ ಆಗೂದಿಲ್ಲೇನು? ಒಮ್ಮೆ ಒತ್ತಿ ಸುಮ್ಮ ತಡೀಬೇಕು. ಘಳಿಗಿಗೊಮ್ಮೆ ಒತ್ತಬ್ಯಾಡ.”

“ಹೌದೇನು? ನನಗ ತಿಳೀದವಾ ಇಂಥಾವೆಲ್ಲ,” ಎಂದಳು. ನನ್ನ ತಾಟಿಗೆ ಇನ್ನೊಂದು ಚಮಚ ಶೇಂಗಾ ಚಟ್ನಿಪುಡಿ ಹಾಕಿದಳು. ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ.

ಮರುದಿನ ಕೇಂದ್ರದಲ್ಲಿ ಇದನ್ನು ಹಾಸ್ಯ ಮಾಡಿ ಹೇಳಿದೆ. “ನಮ್ಮ ಚಿಗವ್ವ ಬಟನ್ ಒತ್ತಿ ಗ್ವಾಡಿಗೆ ಕಿವಿ ಹಚ್ಚಿ ಕೂಡ್ತಾಳ ಕಾಣ್ತೈತಿ,” ಎಂದೆ. ನನ್ನ ಕೈಕೆಳಗೆ ಕೆಲಸ ಮಾಡುವ ಮೆಹಜಬೀನ್ ಒಬ್ಬಳೇ ನಗಲಿಲ್ಲ. “ಒಮ್ಮೆ ನೋಡೂಣೇನ್ರಿ ಮೇಡಂ?” ಎಂದಳು. ಬೇಡವೆಂದೆ. ನಾನೇ ಪರೀಕ್ಷೆ ಮಾಡಿದ ನಮೂನೆ ಅದು. ಏಳು ಜನರ ಮಾದರಿ ಮನೆಯೊಂದನ್ನು ಮಾಡಿ ಏಳೂ ಬಟನ್ ಒತ್ತಿ ನೋಡಿದ್ದೆ. ‘ಇನ್ನೊಬ್ಬರಿದ್ದಾರೆ’ ಒತ್ತಿದಾಗ ಎಂಟನೆಯ ಸಾಲು ಎಷ್ಟು ಚೆಂದ ಜಾರಿಕೊಂಡು ಬಂತೆಂದರೆ, ಅದನ್ನೇ ನೋಡುತ್ತ ಖುಷಿಪಟ್ಟೆ. ಅದರ ಕೆಂಪು ಬಟನ್ ಒತ್ತಿ ನೋಡಲಿಲ್ಲ.

ಮೇ ಹತ್ತೊಂಬತ್ತು, ಮಧ್ಯಾಹ್ನ ಮೂರೂಮುಕ್ಕಾಲು. ರಾಜ್ಯದ ಸಭೆಗೆ ನನ್ನ ಸೊನ್ನೆಯ ಚಿತ್ರವನ್ನು ಸಿಂಗರಿಸುತ್ತಿದ್ದೆ. ಇಂಚರಾಳ ಫೋನ್ ಬಂತು.

“ಅವ್ವಾ, ಚಿಗವ್ವಜ್ಜಿ ಏಳವಲ್ಲಳು. ನೆಲದ ಮ್ಯಾಲ ಮಲಗ್ಯಾಳ. ಮೈ ಹಂಚಿನ ಹಂಗ ಕಾದೈತಿ. ಆ ಕೋಣಿ… ಅವ್ವಾ, ಆ ಕೋಣಿ ಒಳಗ ಕಾಲಿಡಾಕ ಆಗವಲ್ದು!”

ಅವಳು ಪಕ್ಕದ ಕೋಣೆಯಲ್ಲೇ ಇದ್ದಳು. ಬಾಗಿಲು ಮುಚ್ಚಿ, ಕಿವಿಗೆ ಹೆಡ್‌ಫೋನ್ ಹಾಕಿ, ತಣ್ಣಗೆ ಓದುತ್ತಿದ್ದಳು. ಬಾಗಿಲು ಮುಚ್ಚಿರಬೇಕು, ತಂಪು ಪೋಲಾಗಬಾರದು ಎಂಬುದು ಕೇಂದ್ರದ್ದೇ ನಿಯಮ. ಹುಡುಗಿಯ ಓದು ಕೆಡಬಾರದೆಂದು ಚಿಗವ್ವ ಒಮ್ಮೆಯೂ ಆ ಬಾಗಿಲು ತಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಮಂಜುಗಡ್ಡೆಯ ಹಾಸಿಗೆಯ ಮೇಲೆ ಮಲಗಿಸಿದರು. ಕಿಡ್ನಿಗೆ ಪೆಟ್ಟು ಬಿದ್ದಿದೆ, ಎರಡು ದಿನ ಏನೂ ಹೇಳಲಾಗದು ಎಂದರು ಡಾಕ್ಟರು. “ಎಷ್ಟು ದಿವಸದಿಂದ ಹಿಂಗ ಇದ್ರು? ಇದು ಒಂದ ದಿನದ್ದಲ್ಲ. ಮನ್ಯಾಗ ಯಾರೂ ನೋಡಲಿಲ್ಲೇನು?” ಎಂದು ಕೇಳಿದರು. ನಾನು ತಂಪು ಕೇಂದ್ರದ ಗುರುತಿನ ಚೀಟಿಯನ್ನು ಕೊರಳಿನಿಂದ ತೆಗೆದು ಚೀಲದೊಳಗೆ ಹಾಕಿಕೊಂಡೆ. ಆ ಹೊತ್ತಿಗೆ ನನಗೆ ತಿಳಿದ ಕೆಲಸ ಅದೊಂದೇ.

ಮರುದಿನ ಬೆಳಿಗ್ಗೆ ಕೇಂದ್ರಕ್ಕೆ ಹೋದಾಗ ಮೆಹಜಬೀನ್ ನನ್ನ ಮೇಜಿನ ಹತ್ತಿರವೇ ನಿಂತಿದ್ದಳು. ಹಲಗೆಗಳ ಗಾಜು ನೋಡಿಕೊಳ್ಳುವುದು ಅವಳ ಕೆಲಸ. ಯಾವ ಗಾಜು ಎಲ್ಲಿ ಸವೆಯಿತು ಎಂದು ತಿಳಿಯಲು, ಬೆರಳು ಬಿದ್ದ ಜಾಗ ಮತ್ತು ಹೊತ್ತನ್ನು ಗಾಜೇ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಅದಕ್ಕೂ ನನ್ನ ನಮೂನೆಗೂ ಸಂಬಂಧವಿಲ್ಲ.

“ಮೇಡಂ, ನಿಮ್ಮನ್ನ ಕೇಳದ ನಾ ನಿನ್ನೆ ಗಾಜಿನ ದಾಖಲೆ ತಗದೆ,” ಎಂದಳು. “ಅತಿಥಿ ಸಾಲಿನ ಕೆಂಪು ಬಟನ್ ಎಲ್ಲಿ ಬರ್ತೈತೋ ಆ ಜಾಗಾದಾಗ ಬೆರಳು ಬಿದ್ದದ್ದು ಎಷ್ಟು ಸಲ ಅಂತ.”

“ಎಷ್ಟು?”

“ನಗರದಾಗೆಲ್ಲ ಕೂಡಿ ಅರವತ್ತೆರಡು ಸಾವಿರ ಸಲ, ಮೇಡಂ.”

ನಾನು ಕೂತೆ. ಕೂತು ಬರೆದದ್ದನ್ನು ತೆಗೆದು ನೋಡಿದೆ. ಒಂದು ನಿಮಿಷವೂ ಬೇಕಾಗಲಿಲ್ಲ, ಅಷ್ಟು ಎಳಸು ತಪ್ಪು. ಬೆಳಿಗ್ಗೆ ಆರಕ್ಕೆ ನಮೂನೆ ತೆರೆಯುತ್ತಲೇ ನನ್ನ ಆಜ್ಞೆ ಒಂದೊಂದೇ ಸಾಲಿನ ಹತ್ತಿರ ಹೋಗಿ ಕಿವಿ ಕಟ್ಟಿ ಬರುತ್ತಿತ್ತು. ಆಗ ಇದ್ದ ಸಾಲುಗಳಿಗೆಲ್ಲ ಕಟ್ಟಿ, ತನ್ನ ಕೆಲಸ ಮುಗಿಯಿತೆಂದು ಸುಮ್ಮನಾಗುತ್ತಿತ್ತು. ಆಮೇಲೆ ಬಂದ ಸಾಲಿಗೆ ಹೆಸರಿತ್ತು, ಕೋಣೆಯಿತ್ತು, ಬಟನ್ ಇತ್ತು. ಕಿವಿ ಕಟ್ಟುವವರು ಆಗಲೇ ಬಂದುಹೋಗಿದ್ದರು. ‘ಇನ್ನೊಬ್ಬರಿದ್ದಾರೆ’ ಬಟನ್ ಬೆಳಿಗ್ಗೆಯೇ ಇದ್ದುದರಿಂದ ಸಾಲು ಸೇರಿದ ಲೆಕ್ಕ ಮಾತ್ರ ನಮಗೆ ಬರುತ್ತಿತ್ತು. ಹಾಗಾಗಿ ನಾನು ದಿನಾ ಬೆಳಿಗ್ಗೆ ಆರಿಸುತ್ತಿದ್ದ ‘ಹಿಂದಿನ ಕೋಣೆ’ಯೂ ಕೇಂದ್ರಕ್ಕೆ ಗೊತ್ತಿರಲಿಲ್ಲ. ಕೇಂದ್ರಕ್ಕೆ ಅದು ಖಾಲಿ ಕೋಣೆ. ನಲವತ್ತು ದಿನ ಚಿಗವ್ವ ನಮ್ಮ ಮನೆಯ ಖಾಲಿ ಕೋಣೆಯಲ್ಲಿದ್ದಳು.

“ನಮ್ಮ ಮನೀದು ತೋರಿಸು,” ಎಂದೆ.

ಮೆಹಜಬೀನ್ ಕತ್ತು ಬಗ್ಗಿಸಿದಳು. “ಬ್ಯಾಡ ಮೇಡಂ.”

“ತೋರಿಸವಾ.”

ಮೊದಲ ದಿನ ಒಂಬತ್ತು ಸಲ. ಎರಡನೆಯ ದಿನ ಹದಿನಾಲ್ಕು. ನಾಲ್ಕನೆಯ ದಿನ ಇಪ್ಪತ್ತೆರಡು. ಅದರ ಮರುದಿನ ಒಂದೇ ಒಂದು, ಮಧ್ಯಾಹ್ನ ಎರಡಕ್ಕೆ. ಒಮ್ಮೆ ಒತ್ತಿ ಸುಮ್ಮ ತಡೀಬೇಕು ಎಂದು ನಾನು ಹೇಳಿದ್ದು ಆ ಹಿಂದಿನ ಸಂಜೆ. ಅಲ್ಲಿಂದ ದಿನಾ ಒಂದೊಂದೇ, ಹೇಳಿದ ಮಾತು ಕೇಳುವವರ ಹಾಗೆ. ಮೇ ಹದಿಮೂರರ ನಂತರ ಅದೂ ಇಲ್ಲ. ಕೊನೆಯ ಆರು ದಿನ ಅವಳು ಬಟನ್ ಮುಟ್ಟಿಯೇ ಇರಲಿಲ್ಲ.

ತಿದ್ದುವುದಕ್ಕೆ ಕಾಲು ತಾಸು ಸಾಕಾಯಿತು. ಒಂದೊಂದು ಸಾಲಿಗೂ ಕಿವಿ ಕಟ್ಟುವುದನ್ನು ತೆಗೆದು, ಇಡೀ ನಮೂನೆಗೆ ಒಂದೇ ಕಿವಿ ಕಟ್ಟಿದೆ. ಬಾಗಿಲ ಕಟ್ಟೆಯ ಮೇಲೆ ಕೂತ ಮುದುಕಿಗೆ ಮನೆಯಲ್ಲಿ ಯಾರು ಅತ್ತರೂ ಕೇಳುತ್ತದಲ್ಲ, ಹುಟ್ಟಿದವರದ್ದೂ, ಬಂದವರದ್ದೂ, ಹಾಗೆ. ಎಲ್ಲಿ ಒತ್ತಿದರೂ ಸುದ್ದಿ ಮೇಲಕ್ಕೆ ಏರಿ ಆ ಕಿವಿಗೆ ಬರುತ್ತದೆ, ಯಾವ ಸಾಲಿನಿಂದ ಬಂತೆಂದು ಅದು ಆಮೇಲೆ ಕೇಳಿ ತಿಳಿಯುತ್ತದೆ. ಇದನ್ನು ನಾನು ಕಲಿತದ್ದು ಇಪ್ಪತ್ತನೆಯ ವಯಸ್ಸಿನಲ್ಲಿ. ಹೊಸದಾಗಿ ಸೇರಿದವರಿಗೆ ಕಲಿಸಿದ್ದೂ ಇದೆ.

ಹತ್ತೂವರೆಗೆ ತಿದ್ದಿದ್ದನ್ನು ಬಿಟ್ಟೆವು. ನಿಯಂತ್ರಣ ಕೊಠಡಿಯ ದೊಡ್ಡ ಪರದೆಯಲ್ಲಿ ಅತಿಥಿ ಸಾಲಿನ ಸೊನ್ನೆ ಅಲುಗಿತು. ಮೂರು, ಹದಿನೇಳು, ಇನ್ನೂರು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಸಾವಿರ ದಾಟಿತು. ಸಂಕೋಚದ ಮಂದಿ! ನಾನು ಆ ಪರದೆಗೆ ಬೆನ್ನು ಮಾಡಿ ನಿಂತೆ.

ಬಿರಾದಾರ ಸಾಹೇಬರು ಬಾಗಿಲು ಹಾಕಿ ನನ್ನನ್ನು ಕೂರಿಸಿದರು. ಕೆಟ್ಟವರೇನಲ್ಲ, ಹೆದರಿದ್ದರು. “ಮೂವತ್ತೊಂದು ಮಂದಿ ದವಾಖಾನ್ಯಾಗ ಅದಾರ. ಯಾರೂ ಸತ್ತಿಲ್ಲ. ಸತ್ತಿಲ್ರಿ ಮೇಡಂ, ಯಾರೂ ಸತ್ತಿಲ್ಲ. ತಿದ್ದೀವಲ್ಲ ಈಗ? ‘ಅತಿಥಿ ಸೇವೆ ಸುಧಾರಿಸಲಾಗಿದೆ’ ಅಂತ ಹಲಗಿ ಮ್ಯಾಲ ಒಂದ ಸಾಲ ಹಾಕಿಬಿಡ್ರಿ. ಊರ ತುಂಬ ಬೊಬ್ಬಿ ಯಾಕ?”

ನಾನು ಎದುರು ಮಾತಾಡಿದೆ ಎಂದು ಬರೆಯಬಹುದಿತ್ತು. ಮಾತಾಡಲಿಲ್ಲ. ‘ಅತಿಥಿ ಸೇವೆ ಸುಧಾರಿಸಲಾಗಿದೆ’ ಎಂದು ನನ್ನ ಕೈಯಿಂದಲೇ ಬರೆದು, ಊರಿನ ಎಲ್ಲ ಹಲಗೆಗೂ ಕಳಿಸಿದೆ. ಕಳಿಸುವ ಮುಂಚೆ ಅಕ್ಷರ ಎಲ್ಲಿಯಾದರೂ ತಪ್ಪಿದೆಯೇ ಎಂದೂ ನೋಡಿದೆ.

ಮೂರನೆಯ ದಿನ ಬೆಳಿಗ್ಗೆ ಚಿಗವ್ವ ಕಣ್ಣು ಬಿಟ್ಟು ಮಾತಾಡಿದಳು. ತುಟಿ ಒಡೆದಿತ್ತು. ನನ್ನನ್ನು ನೋಡಿ ಎದ್ದು ಕೂರಲು ಹವಣಿಸಿದಳು, ಬೀಗರು ಬಂದಾಗ ಏಳುತ್ತಾರಲ್ಲ, ಹಾಗೆ.

“ನಿನಗ ಭಾಳ ತ್ರಾಸ ಕೊಟ್ಟೆ ನೋಡು,” ಎಂದಳು. “ಆರಾಮ ಆಗೂದರಾಗ ಇಂಡಿ ಬಸ್ಸಿಗೆ ಕೂಡಿಸಿಬಿಡು. ಅಲ್ಲಿ ಬೇವಿನ ಗಿಡದ ಬುಡಕ್ಕ ಹೆಂಗೋ ನಡೀತೈತಿ.”

“ಇಂಡಿಗೆ ಯಾಕ ಹೋಗ್ತಿ ಚಿಗವ್ವ? ಆ ಮಷೀನ ಕೆಟ್ಟಿತ್ತು. ನೀ ಒತ್ತಿದ್ದು ಯಾರಿಗೂ ಕೇಳಿಲ್ಲ.”

ಅವಳು ನನ್ನ ಮುಖ ನೋಡಿದಳು.

“ಕೇಳಿಲ್ಲ? ನಿನಗೂ?”

“ನನಗೂ ಕೇಳಿಲ್ಲ. ಯಾರಿಗೂ ಕೇಳಿಲ್ಲ.”

ಚಿಗವ್ವನ ಕಣ್ಣಲ್ಲಿ ನೀರು ಬಂತು. ಅವಳು ನಗುತ್ತಿದ್ದಳು. “ಅಯ್ಯ ನನ್ನವ್ವ! ನಾ ಏನೇನೋ ತಿಳಕೊಂಡಿದ್ದೆ. ಅಲ್ಲಿ ಕುಂತು ನೋಡ್ತಾಳ, ಸಾಲೂದಿಲ್ಲ, ಮನಿ ಮಂದಿಗೆ ಮೊದಲು ಕೊಡಬೇಕು, ಹೆಂಗ ಹೇಳ್ಬೇಕು ಅಂತ ಸುಮ್ಮನಾಗ್ಯಾಳ, ತಾನಾಗಿ ಹೋದ್ರ ಛಲೋ ಅನಸ್ತೈತೋ ಏನೋ ಅಂತ. ನನ್ನ ಮನಸ ಸಣ್ಣದಾತು ನೋಡು. ತಪ್ಪ ಆತು ನೀಲಾ.”

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಳು! ಐದು ವರ್ಷ ನನ್ನ ಹಸಿವನ್ನು ಕೊಡದ ಮುಚ್ಚಳದ ಸದ್ದಿನಲ್ಲಿ ಕೇಳಿಸಿಕೊಂಡವಳು, ನನ್ನ ಮೇಲೆ ಅನುಮಾನಪಟ್ಟೆನೆಂದು ನಾಚಿಕೊಳ್ಳುತ್ತಿದ್ದಳು. ನಾನು ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಮಷೀನು ಕೆಟ್ಟಿತ್ತು, ಯಾರದೂ ತಪ್ಪಿಲ್ಲ. ಒಂದು ಕ್ಷಣ ಸುಮ್ಮನಿದ್ದೆ ಕೂಡ. ಆ ಒಂದು ಕ್ಷಣದಲ್ಲಿ ನನಗೆ ಹಿತವಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ ಆ ಕೈಗಳಲ್ಲಿ ನನ್ನ ಕೈ ಇಡುವುದಕ್ಕಾಗಲಿಲ್ಲ.

“ಮಷೀನ ಕೆಟ್ಟಿದ್ದಿಲ್ಲ ಚಿಗವ್ವ,” ಎಂದೆ. “ಬರಿಯೂವಾಗ ತಪ್ಪು ಬರದಿದ್ರು. ಅದನ್ನ ಬರದಾಕಿ ನಾನ.”

“ಗೊತ್ತೈತೆಲ್ಲ,” ಎಂದಳು ಚಿಗವ್ವ. “ಅವತ್ತ ಊಟಕ್ಕ ಕುಂತಾಗ ಹೇಳಿದ್ದೆಲ್ಲ.” ಮತ್ತೆ ಛಾವಣಿಯ ಕಡೆ ತಿರುಗಿ ಹೇಳಿದಳು: “ಅದಕ್ಕ ನನಗ ಹಂಗ ಅನಿಸಿದ್ದು. ನೀ ಶಾಣ್ಯಾಕಿ. ನೀ ಬರದದ್ದು ತಪ್ಪಿರ್ತೈತಿ ಅಂತ ನನಗ ಹೊಳೀಲೇ ಇಲ್ಲ. ಅದಕ್ಕ ನಿನಗ ನಾ ಬ್ಯಾಡಾಗಿದ್ದೀನಿ ಅಂತ ತಿಳಿದೆ.”

ಸಿಟ್ಟಿನಿಂದ ಹೇಳಿದ ಮಾತಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೇ. ನನ್ನ ಜಾಣತನದ ಮೇಲೆ ಅವಳಿಗೆ ಎಷ್ಟು ನಂಬಿಕೆಯೆಂದರೆ, ಅದು ತಪ್ಪಬಹುದೆಂದು ಊಹಿಸುವ ಬದಲು ನನ್ನ ಪ್ರೀತಿ ಮುಗಿದಿದೆಯೆಂದು ಒಪ್ಪಿಕೊಂಡು ಆ ಬೆಂಕಿಯಲ್ಲಿ ಕೂತಿದ್ದಳು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತೆ. ಯಾರಾದರೂ ನೋಡಿಯಾರೆಂಬ ಪರಿವೆಯೂ ಇರಲಿಲ್ಲ.

ಅಲ್ಲಿಂದ ನೇರ ಕೇಂದ್ರಕ್ಕೆ ಹೋದೆ. ಬಿರಾದಾರರನ್ನು ಕೇಳಲಿಲ್ಲ. ಆ ಬೇಸಿಗೆಯಲ್ಲಿ ಒಂದು ದಿನವಾದರೂ ಅತಿಥಿ ಸಾಲು ಸೇರಿಸಿದ್ದ ಮನೆಗಳ ಹಲಗೆಗೆಲ್ಲ ಹೀಗೆ ಬರೆದೆ: ‘ನಿಮ್ಮ ಮನೆಗೆ ಬಂದವರು ತಡೆಯಲಾಗದೆ ಬಟನ್ ಒತ್ತಿದ್ದರು. ನಮೂನೆ ಬರೆಯುವಾಗ ನಾನು ಮಾಡಿದ ತಪ್ಪಿನಿಂದ ಅದು ಯಾರಿಗೂ ಕೇಳಿಸಲಿಲ್ಲ. ನೀವು ಗೊತ್ತಿದ್ದೂ ಸುಮ್ಮನಿದ್ದಿರಿ ಎಂದು ಅವರು ತಿಳಿದಿರಬಹುದು. ದಯವಿಟ್ಟು ಅವರಿಗೆ ಫೋನ್ ಮಾಡಿ ಹೇಳಿ. ತಪ್ಪು ನನ್ನದು. ನೀಲಗಂಗಾ, ತಂಪು ಕೇಂದ್ರ.’

ಮೆಹಜಬೀನ್ ಪಕ್ಕದಲ್ಲಿ ನಿಂತು ಓದಿದಳು. “ಹೆಸರು ಬ್ಯಾಡಾಗಿತ್ತು ಮೇಡಂ,” ಎಂದಳು.

“ಹೆಸರಿಲ್ಲದಿದ್ರ ಅದು ಮತ್ತ ಮಷೀನಾಗ್ತೈತಿ,” ಎಂದೆ.

ಸಂಜೆಯವರೆಗೂ ಫೋನ್ ಬರುತ್ತಲೇ ಇದ್ದವು. ಬೈದವರೇ ಹೆಚ್ಚು, ಬೈಸಿಕೊಂಡೆ. ಅಥಣಿ ಗಲ್ಲಿಯ ಹೆಂಗಸೊಬ್ಬಳು ಬೈಯಲಿಲ್ಲ. “ನಮ್ಮವ್ವ ಮುಖ ಊದಿಸಿಕೊಂಡು ನಡುವ ಊರಿಗೆ ಹೋಗಿಬಿಟ್ಳ್ರಿ. ತಿಂಗಳಾತು, ಫೋನ ಎತ್ತವಲ್ಲಳು. ಈಗ ಏನಂತ ಹೇಳ್ಲಿ?” ಎಂದು ನನ್ನನ್ನೇ ಕೇಳಿದಳು. “ಎತ್ತೂ ತನಕ ಮಾಡ್ರಿ,” ಎಂದೆ. ಬಿರಾದಾರರು ಎಂಟು ದಿನ ನನ್ನ ಜೊತೆ ಮಾತು ಬಿಟ್ಟರು. ರಾಜ್ಯದ ಸಭೆಗೆ ಬೇರೆಯವರು ಹೋದರು.

ಚಿಗವ್ವ ಇಂಡಿಗೆ ಹೋಗಲಿಲ್ಲ. ವಾರಕ್ಕೆರಡು ಸಲ ಆಸ್ಪತ್ರೆಗೆ ತೋರಿಸಬೇಕಲ್ಲ, ಅದಕ್ಕೆ. ಅವಳಿಗೆ ಮುಂದಿನ ಕೋಣೆ ಕೊಟ್ಟು ಹಿಂದಿನದಕ್ಕೆ ನಾವು ಹೋದೆವು. ಆಸ್ಪತ್ರೆಯಿಂದ ಬಂದ ದಿನವೇ ಹಲಗೆಯ ಮುಂದೆ ಅವಳನ್ನು ನಿಲ್ಲಿಸಿ, ನಾಲ್ಕನೆಯ ಸಾಲಿನ ಬಟನ್ ನಾನೇ ಒತ್ತಿ ತೋರಿಸಿದೆ. ಗೋಡೆಯೊಳಗೆ ವಾಲ್ವ್ ಟಕ್ ಎಂದು ತೆರೆಯಿತು, ನೀರು ಹರಿಯುವ ಸದ್ದು ಬಂತು. “ಈಗ ಕೇಳ್ತೈತಿ ನೋಡು ಚಿಗವ್ವ,” ಎಂದೆ. “ಹೌದವಾ, ಭಾಳ ಛಲೋ ಆತು,” ಎಂದಳು.

ನಾನೀಗ ಮಧ್ಯಾಹ್ನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಅವಳ ಕೋಣೆಯ ಬಾಗಿಲು ತೆರೆದೇ ಇಡುತ್ತೇನೆ, ಕೇಂದ್ರದ ನಿಯಮ ಏನೇ ಇರಲಿ. ಇವತ್ತು ಎರಡು ಗಂಟೆಗೆ ಹೊರಗೆ ನಲವತ್ತೇಳು ಇತ್ತು. ಅವಳ ಕುತ್ತಿಗೆಯ ಮೇಲೆ ಬೆವರು ಸಾಲುಗಟ್ಟಿತ್ತು, ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಹಲಗೆ ಅವಳ ಕೈಗೆ ಎಟುಕುವಷ್ಟೇ ದೂರದಲ್ಲಿತ್ತು.

“ಚಿಗವ್ವ, ಸೆಕಿ ಆಗಾಕತ್ತೈತೇನು?”

“ಇಲ್ಲವಾ, ಆರಾಮ ಅದೀನಿ.”

ನಗರದ ಅತಿಥಿ ಸಾಲುಗಳಿಂದ ಈಗ ದಿನಕ್ಕೆ ಸಾವಿರಾರು ಸಲ ಬಟನ್ ಒತ್ತಿದ ಸುದ್ದಿ ಬರುತ್ತದೆ. ನಮ್ಮ ಮನೆಯ ನಾಲ್ಕನೆಯ ಸಾಲಿನಲ್ಲಿ, ಆಸ್ಪತ್ರೆಯಿಂದ ಬಂದಾಗಿನಿಂದ, ಅವಳ ಬೆರಳಿನದು ಒಂದೂ ಇಲ್ಲ. ಗಾಜಿನ ದಾಖಲೆಯನ್ನೂ ನೋಡಿದ್ದೇನೆ, ಈ ಸೊನ್ನೆ ನಿಜವಾದ ಸೊನ್ನೆ. ಪರದೆಯ ಮೇಲೆ ಕೋಲು ಚುಚ್ಚಿ ಇಲ್ಲದ ಸಂಕೋಚವನ್ನು ಇದೆ ಎಂದು ತೋರಿಸಿ ನಗಿಸಿದ್ದೆನಲ್ಲ, ಅದೀಗ ನನ್ನ ಮನೆಯಲ್ಲಿ ಬಂದು ಕೂತಿದೆ. ತಂದು ಕೂರಿಸಿದವಳು ನಾನೇ.

ಎದ್ದು ಹೋಗಿ ಅವಳ ಬದಲು ನಾನೇ ಬಟನ್ ಒತ್ತಿದೆ. ವಾಲ್ವ್ ತೆರೆಯಿತು. ಚಿಗವ್ವ ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿ ನಕ್ಕಳು.

“ಯಾಕ ತ್ರಾಸ ತಗೋತೀರವಾ ನೀವು,” ಎಂದಳು.

ಐವತ್ತು ವರ್ಷದಲ್ಲಿ ಅವಳು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.